ತೂಕ ಇಳಿದ ಮರ

ಹದಿನಾಲ್ಕನೇ ತಾರೀಖು, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೆಂಗಸೊಬ್ಬಳು ಠಾಣೆಯ ಬಾಗಿಲನ್ನು ಬೆನ್ನಿನಿಂದ ದೂಡಿಕೊಂಡು ಒಳಗೆ ಬಂದಳು. ಅವಳ ಎರಡೂ ಕೈಗಳು ಹಳೆಯ ಹೊದಿಕೆಯಲ್ಲಿ ಸುತ್ತಿದ ಏನನ್ನೋ ಎದೆಗೆ ಅವಚಿಕೊಂಡಿದ್ದವು. ದಫೇದಾರರು ಕುರ್ಚಿಯಿಂದ ಎದ್ದೇಬಿಟ್ಟರು.

"ಮಗುನಾ? ಎಲ್ಲಿ ಸಿಕ್ತಮ್ಮ?"

"ಮರ," ಎಂದಳು ಅವಳು. ಹೊದಿಕೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಮೊಳಕ್ಕಿಂತ ತುಸು ಗಿಡ್ಡ. ಒಂದು ಅಂಚು ದಪ್ಪ, ಇನ್ನೊಂದು ತೆಳು. ದುಂಡು ದಿಮ್ಮಿಯನ್ನು ಹೋಳು ಮಾಡಿ ತೆಗೆದ ತುಂಡು. "ನಮ್ಮಪ್ಪನ ಮರ ಕಳುವಾಗಿದೆ. ಅದರ ಜಾಗದಲ್ಲಿ ಇದನ್ನ ಇಟ್ಟಿದ್ದಾರೆ."

"ಅಂದ್ರೆ ಮರ ಹೋಗಿ ಮರ ಬಂದಿದೆ."

"ಹೌದು."

"ಹಾಗಾದ್ರೆ ಸರಿಹೋಯ್ತಲ್ಲಮ್ಮ. ಇನ್ನೇನು ದೂರು?"

ಪಕ್ಕದ ಮೇಜಿನಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕಳು. ಉಸಿರು ತೆಗೆದುಕೊಳ್ಳದೆ ಮಾತಾಡುವ ಅವಳನ್ನು ಇಡೀ ಠಾಣೆ ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿತ್ತು. ಬಂದವಳು ನಗಲಿಲ್ಲ, ಅಳಲೂ ಇಲ್ಲ. ಬೆರಳ ಗೆಣ್ಣಿನಿಂದ ಮರವನ್ನು ತಟ್ಟಿದಳು.

"ಕೇಳಿಸ್ತಾ?"

"ಟಪ್ ಅಂತು."

"ಟಣ್ ಅನ್ಬೇಕಿತ್ತು. ಅದೇ ದೂರು."

ಒಳಕೋಣೆಯ ಬಾಗಿಲಲ್ಲಿ ನಿಂತು ಇದನ್ನು ಕೇಳುತ್ತಿದ್ದ ಇನ್ಸ್‌ಪೆಕ್ಟರ್ ಮೇಡಂ, "ಒಳಗೆ ಬನ್ನಿ. ಮರಾನೂ ತನ್ನಿ," ಎಂದರು.

ದೂರುದಾರಳಿಗೆ ಇಪ್ಪತ್ತೊಂಬತ್ತು ವರ್ಷ. ಕಸುಬು ಪಿಟೀಲು ರಿಪೇರಿ. ತಂದೆ ಪಿಟೀಲು ಮಾಡುತ್ತಿದ್ದವರು. ಅವಳು ಹುಟ್ಟಿದ ವರ್ಷ ಅವರು ಒಳ್ಳೆಯ ದಿಮ್ಮಿಗಳನ್ನು ಹುಡುಕಿ ತಂದು, ತೊಂಬತ್ತಾರು ತುಂಡು ಸೀಳಿ, ಒಣಗಲು ಇಟ್ಟಿದ್ದರು. ಪಿಟೀಲಿಗೆ ಮರ ಎಷ್ಟು ಹಳೆಯದಾದರೆ ಅಷ್ಟು ಒಳ್ಳೆಯದು. ಹತ್ತು ವರ್ಷದ ಮರ ಪರವಾಗಿಲ್ಲ; ಮೂವತ್ತು ವರ್ಷದ ಮರ ಕೇಳಿದರೂ ಸಿಗುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಕೊನೆಯ ಕಾಯಿಲೆ ಬಿದ್ದಾಗ ಅವರು ಆ ಮರವನ್ನೂ ಅದಿರುವ ಗೋದಾಮನ್ನೂ ಸೇರಿಸಿ ಒಂದು ಟ್ರಸ್ಟ್ ಮಾಡಿದರು. ಟ್ರಸ್ಟಿಗಳು ಇಬ್ಬರು: ಅವರ ತಂಗಿ ಮತ್ತು ಅವರ ಹಳೆಯ ಶಿಷ್ಯ. ಫಲಾನುಭವಿ ಒಬ್ಬಳೇ, ಮಗಳು. ಮೂವತ್ತು ತುಂಬಿದ ದಿನ ಮರವೆಲ್ಲ ಅವಳದು.

"ಯಾವತ್ತು ತುಂಬುತ್ತೆ?"

"ಬರೋ ಒಂದನೇ ತಾರೀಖು. ಕೆಲಸ ಬಿಟ್ಟಿದೀನಿ ಮೇಡಂ. ಒಂದು ಕೋಣೆ ಹಿಡಿದಿದೀನಿ. ಸಂಗೀತ ಶಾಲೆಯವರು ನಾಲ್ಕು ಪಿಟೀಲು ಕೇಳಿದಾರೆ. ಅಪ್ಪನ ಮರದ್ದಾದ್ರೆ ಮಾತ್ರ. ಬೇರೆ ಮರದ್ದು ಮಾಡೋರು ಊರು ತುಂಬ ಇದಾರೆ, ನನ್ನನ್ನ ಯಾರು ಕೇಳ್ತಾರೆ?"

ಇನ್ಸ್‌ಪೆಕ್ಟರ್ ಟ್ರಸ್ಟ್ ಪತ್ರ ಓದಿದರು. ಎರಡೇ ಪುಟ. ಗೋದಾಮಿಗೆ ಎರಡು ಬೀಗ, ಒಬ್ಬೊಬ್ಬ ಟ್ರಸ್ಟಿಯ ಬಳಿ ಒಂದೊಂದು ಕೀಲಿ. ಇಬ್ಬರೂ ಇದ್ದರೆ ಮಾತ್ರ ಬಾಗಿಲು ತೆಗೆಯಬೇಕು. ವರ್ಷಕ್ಕೊಮ್ಮೆ ಪ್ರತಿ ತುಂಡನ್ನೂ ತೂಗಿ, ತೂಕವನ್ನು ಅದರ ತುದಿಯಲ್ಲಿ ಪೆನ್ಸಿಲಿನಿಂದ ಬರೆದು, ರಿಜಿಸ್ಟರಿಗೆ ಇಬ್ಬರೂ ಸಹಿ ಮಾಡಬೇಕು. ಕೊನೆಯ ಸಾಲು: ಟ್ರಸ್ಟಿಗಳು ತಮ್ಮ ಸ್ವಂತಕ್ಕೆ ಒಂದು ಸಿಬಿರನ್ನೂ ತೆಗೆದುಕೊಳ್ಳತಕ್ಕದ್ದಲ್ಲ.

"ಇಷ್ಟು ವರ್ಷ ನೀವು ಮರ ನೋಡೇ ಇಲ್ವಾ?"

"ಅತ್ತೆ, ಅಪ್ಪನ ತಂಗಿ, ಬಿಡ್ತಿರಲಿಲ್ಲ. ಬಾಗಿಲು ತೆಗೆದು ಹಾಕಿ ಮಾಡಿದ್ರೆ ಗಾಳಿ ಕೆಡುತ್ತೆ, ಮೂವತ್ತು ತುಂಬಲಿ, ಅಂತ. ಎರಡು ತಿಂಗಳ ಹಿಂದೆ ಒಬ್ಬರು ವಕೀಲರು ಹೇಳಿದ್ರು, ಆಸ್ತಿ ಹೇಗಿದೆ ಅಂತ ನೋಡೋದು ಫಲಾನುಭವಿಯ ಹಕ್ಕು, ಬರೆದು ಕೇಳು ಅಂತ. ಕೇಳಿದೆ. ಸುಣ್ಣ ಹೊಡೆಸ್ತಿದೀವಿ, ತಡಿ, ಅಂದ್ರು. ಮೊನ್ನೆ ಹತ್ತನೇ ತಾರೀಖು ಬಿಟ್ರು. ಅತ್ತೆ ಬೆನ್ನು ತಿರುಗಿಸಿದಾಗ ಇದನ್ನ ಕೋಟಿನೊಳಗೆ ಇಟ್ಕೊಂಡು ಬಂದೆ."

"ನಿಮ್ಮ ಮರ ನೀವೇ ಕದ್ದಿದೀರಿ!" ಎಂದಳು ಎಕ್ಸ್‌ಪ್ರೆಸ್.

"ಒಂದನೇ ತಾರೀಖಿನವರೆಗೆ ನನ್ನದಲ್ಲವಲ್ಲ," ಎಂದಳು ದೂರುದಾರಳು. ಮೊದಲ ಬಾರಿ ಅವಳ ಬಾಯಿಯ ಒಂದು ಮೂಲೆ ನಗುವಿನತ್ತ ಸರಿಯಿತು.

ದಫೇದಾರರು ಇನ್ಸ್‌ಪೆಕ್ಟರ್ ಕಡೆ ಬಾಗಿದರು. "ಮೇಡಂ, ಇದು ಮನೆಯವರ ವ್ಯಾಜ್ಯ. ಸಿವಿಲ್ ಕೋರ್ಟಿಗೆ ಹೋಗಲಿ. ಮರ ಟಣ್ ಅನ್ನಲಿಲ್ಲ ಅಂತ ಎಫ್‌ಐಆರ್ ಬರೆದ್ರೆ ನಾಳೆ ಸಾಹೇಬ್ರು ನಮ್ಮ ತಲೆ ತಟ್ಟಿ ನೋಡ್ತಾರೆ."

"ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂದ್ರೆ ಸಿವಿಲ್. ನಂಬಿ ಕೊಟ್ಟದ್ದನ್ನ ತಾನೇ ನುಂಗಿದ್ರೆ ನಂಬಿಕೆ ದ್ರೋಹ. ಅದು ನಮ್ಮದು. ಬರೀರಿ."

ಹನ್ನೊಂದು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮೂರಕ್ಕೆ ಗೋದಾಮಿನ ಪಂಚನಾಮೆ. ಸೈಕಲ್ ರಿಪೇರಿ ಅಂಗಡಿಗೂ ಲಾಂಡ್ರಿಗೂ ನಡುವೆ ಒಂದು ಓಣಿ. ಓಣಿಯ ಕೊನೆಗೆ ಕಿಟಕಿಯ ತುಂಬ ಮರದ ಪಟ್ಟಿಗಳಿದ್ದ ಕಟ್ಟಡ. ಇಬ್ಬರು ಟ್ರಸ್ಟಿಗಳೂ ಬಾಗಿಲಲ್ಲಿದ್ದರು. ಶಿಷ್ಯ ಈಗ ವಾದ್ಯಗಳ ದೊಡ್ಡ ಅಂಗಡಿಯ ಮಾಲೀಕ. ಹೊಟ್ಟೆಯೂ ನಗುವೂ ಅಗಲ. ಅತ್ತೆಗೆ ಐವತ್ತಾರು. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ. ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು, ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದಳು.

"ಬೀಗ ತೆಗೀರಿ," ಎಂದರು ಇನ್ಸ್‌ಪೆಕ್ಟರ್.

ಅತ್ತೆ ತನ್ನ ಕೀಲಿ ಹಾಕಿದಳು. ಮೇಲಿನ ಬೀಗ ಬಿಚ್ಚಿಕೊಂಡಿತು. ವಾದ್ಯದಂಗಡಿಯವರು ಗೊಂಚಲಿನಿಂದ ತಮ್ಮ ಕೀಲಿ ಆರಿಸಿ ಕೆಳಗಿನ ಬೀಗಕ್ಕೆ ಒತ್ತಿದರು. ಹೋಗಲಿಲ್ಲ. ತಿರುಗಿಸಿ ಒತ್ತಿದರು. ಅರ್ಧವೂ ಹೋಗಲಿಲ್ಲ.

"ತುಕ್ಕು," ಎಂದರು.

"ಬೀಗ ಹೊಸದು," ಎಂದರು ಇನ್ಸ್‌ಪೆಕ್ಟರ್.

ಅಂಗಡಿಯವರ ಅಗಲವಾದ ನಗು ಅಲ್ಲೇ ನಿಂತಿತು. ಅತ್ತೆ ಚೀಲದಿಂದ ಇನ್ನೊಂದು ಕೀಲಿ ತೆಗೆದು ಆ ಬೀಗವನ್ನೂ ಬಿಚ್ಚಿದಳು. "ಎರಡೂ ಕೀಲಿ ಒಬ್ಬರ ಹತ್ರಾನೇ," ಎಂದು ದಫೇದಾರರು ಪುಸ್ತಕದಲ್ಲಿ ಗೀಚಿ, ಕೆಳಗೆ ಎರಡು ಗೆರೆ ಎಳೆದರು.

ಒಳಗೆ ಒಣ ಗಾಳಿ. ಎಂಟು ಕಪಾಟು, ಒಂದೊಂದರಲ್ಲಿ ಹನ್ನೆರಡು ತುಂಡು, ಒಂದನ್ನೊಂದು ತಾಗದ ಹಾಗೆ ಮಲಗಿಸಿಟ್ಟಿದ್ದವು. ಒಳಗೆ ಕಾಲಿಟ್ಟವಳೇ ಅತ್ತೆ, ಕಣ್ಣಿನಲ್ಲೇ ಎಣಿಸಿದಂತೆ, "ನಲವತ್ತೊಂದನೇ ನಂಬರಿನದು ಇಲ್ಲ," ಎಂದಳು.

"ಠಾಣೇಲಿತ್ತು. ತಂದಿದೀವಿ."

ಅತ್ತೆ ದೂರುದಾರಳತ್ತ, ತನ್ನ ಸೋದರ ಸೊಸೆಯತ್ತ, ನೋಡಿದಳು. ಸೊಸೆ ಚಾವಣಿಯತ್ತ.

ತಕ್ಕಡಿ ಗೋದಾಮಿನದೇ. ಎಕ್ಸ್‌ಪ್ರೆಸ್ ತೂಗಿದಳು, ದಫೇದಾರರು ಬರೆದರು. ಪ್ರತಿ ತುಂಡಿನ ತುದಿಯಲ್ಲೂ ಮೂವತ್ತು ಸಾಲು ಪೆನ್ಸಿಲ್ ಅಂಕಿ. ಮೊದಲ ಸಾಲುಗಳಲ್ಲಿ ತೂಕ ಧಡಧಡನೆ ಇಳಿದು, ಹತ್ತು ಹನ್ನೆರಡನೇ ಸಾಲಿನ ಹೊತ್ತಿಗೆ ನಿಧಾನವಾಗಿ, ಆಮೇಲೆ ಒಂದೇ ಕಡೆ ನಿಂತಿತ್ತು. ಇವತ್ತಿನ ತೂಕವೂ ಕೊನೆಯ ಸಾಲಿನ ತೂಕವೂ ಹೊಂದುತ್ತಿದ್ದವು. ಕೆಲವು ಮಾತ್ರ ಹತ್ತು ಹದಿನೈದು ಗ್ರಾಂ ಕಡಿಮೆ.

"ತೂಕ ಸರಿ ಇದೆಯಲ್ಲ ಪಿಟೀಲಮ್ಮ," ಎಂದರು ದಫೇದಾರರು. ಸೊಸೆ ಹತ್ತಿರ ಬಂದು ಅಂಕಿಗಳನ್ನು ತಾನೇ ಓದಿದಳು.

ಇನ್ಸ್‌ಪೆಕ್ಟರ್ ಅತ್ತೆಯನ್ನು ಕೇಳಿದರು. "ಪ್ರತಿ ವರ್ಷ ತೂಗೋದು ಯಾಕೆ?"

ಅಲ್ಲಿಯವರೆಗೆ ಒಂದೊಂದೇ ಪದದಲ್ಲಿದ್ದ ಅತ್ತೆ ಕಪಾಟಿಗೆ ಹತ್ತಿರ ಬಂದಳು. ಅವಳ ದನಿಯೇ ಬೇರೆಯಾಯಿತು. "ಹಸಿ ಮರದ ಒಳಗೆ ನೀರಿರುತ್ತೆ ಮೇಡಂ. ಅದು ಹೋಗ್ತಾ ಹೋಗ್ತಾ ತೂಕ ಇಳಿಯುತ್ತೆ. ಇಳಿದು ಇಳಿದು ಒಂದು ದಿನ ನಿಲ್ಲುತ್ತೆ. ನಿಂತ ಮೇಲೆ ಮರ ಮಾಗೋದು ಶುರು. ಒಂದೇ ಮಗ್ಗುಲಲ್ಲಿ ಬಿಟ್ರೆ ಸೊಟ್ಟ ಆಗುತ್ತೆ, ಅದಕ್ಕೇ ತಿಂಗಳಿಗೊಮ್ಮೆ ತಿರುಗಿಸಬೇಕು." ಹೇಳುತ್ತ ಹೇಳುತ್ತ ಒಂದು ತುಂಡನ್ನು ಎತ್ತಿ ಮಗ್ಗುಲು ಬದಲಿಸಿದಳು, ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸದೆ ಹೊರಳಿಸುವ ಹಾಗೆ.

ಇನ್ಸ್‌ಪೆಕ್ಟರಿಗೆ ತಮ್ಮ ದೊಡ್ಡಮ್ಮ ನೆನಪಾದಳು. ಮನೆಮಂದಿಯ ಒಡವೆಯೆಲ್ಲ ಅವಳ ಬೀರುವಿನಲ್ಲಿರುತ್ತಿತ್ತು; ಅವಳ ಕಿವಿ ಮಾತ್ರ ಖಾಲಿ. ಯಾಕೆ ಈಗ ಈ ನೆನಪು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಯೋಚನೆ ಅದನ್ನು ತಳ್ಳಿಕೊಂಡು ಬಂತು. ತೂಕ ನಿಂತುಹೋದ ಮರ ಹದಿನೈದು ಗ್ರಾಂ ಯಾಕೆ ಇಳಿಯಬೇಕು?

ಅವರು ನಲವತ್ತೊಂದನ್ನು ಅದರ ಜಾಗದಲ್ಲಿ ಇಡಿಸಿದರು. ಎರಡು ಬೀಗದ ಮೇಲೂ ಅರಗಿನ ಮುದ್ರೆ ಒತ್ತಿಸಿ, ಕೀಲಿಗಳನ್ನು ವಶಕ್ಕೆ ಪಡೆದು, ತಕ್ಕಡಿಯನ್ನು ಒಳಗೇ ಬಿಟ್ಟರು.

ಬುಧವಾರ, ಹದಿನೈದು, ಬೆಳಿಗ್ಗೆ ಹನ್ನೊಂದು. ಅಂಗಡಿಯವರು ಠಾಣೆಯ ಬೆಂಚಿನ ಮೇಲೆ ತಮ್ಮ ಅರ್ಧ ಅಗಲಕ್ಕೆ ಕುಗ್ಗಿ ಕೂತಿದ್ದರು.

"ಬೀಗ ಯಾವಾಗ ಬದಲಾಯ್ತು?"

"ಅಕ್ಕ ಹೇಳಿದ್ರು ಒಮ್ಮೆ... ಎರಡು ವರ್ಷ ಇರಬಹುದು."

"ನಾಲ್ಕು. ಬೀಗದಂಗಡಿ ರಸೀದಿ ರಿಜಿಸ್ಟರಲ್ಲಿ ಅಂಟಿಸಿದಾರೆ. ಅದರ ಕೆಳಗೇ ನಿಮ್ಮ ಸಹಿ ಇದೆ. ನಾಲ್ಕು ವರ್ಷವೂ, 'ಇಬ್ಬರ ಸಮಕ್ಷಮ ತೂಗಲಾಯಿತು' ಅಂತ. ಬಾಗಿಲು ತೆಗೆಯೋಕೆ ಬಾರದವರು ಸಮಕ್ಷಮ ಹೇಗಾದ್ರಿ?"

ಬೆವರು. ಕರವಸ್ತ್ರ. ನೀರು.

"ರಿಜಿಸ್ಟರು ಅಂಗಡಿಗೇ ತರ್ತಿದ್ರು ಮೇಡಂ. ಸಹಿ ಹಾಕ್ತಿದ್ದೆ. ತೊಂಬತ್ತಾರು ಮರ ತೂಗೋದು ನೋಡ್ತಾ ಕೂತ್ರೆ ಮೈಯೆಲ್ಲ ಜೋಮು ಹಿಡಿಯುತ್ತೆ. ಎಂಟು ವರ್ಷದ ಹಿಂದೆ ನನ್ನ ಕೀಲಿಗೆ ಒಂದು ನಕಲು ಮಾಡಿಸಿ ಅಕ್ಕನಿಗೆ ಕೊಟ್ಟೆ. ಅಕ್ಕ ಅಂದ್ರೆ ಅಪರಂಜಿ. ಅವರ ಮೇಲೆ ನಂಬಿಕೆ."

"ನಂಬಿಕೆ ಇಟ್ಟಿದ್ದು ಸತ್ತವರು, ನಿಮ್ಮಿಬ್ಬರ ಮೇಲೆ. ಅದನ್ನ ನೀವು ಇನ್ನೊಬ್ಬರ ತಲೆಗೆ ಕಟ್ಟಿ ಮಲಗೋ ಹಾಗಿಲ್ಲ. ನಿಮ್ಮ ಅಂಗಡೀಲಿ ಪಿಟೀಲು ಎಷ್ಟಿವೆ?"

"ಎಪ್ಪತ್ತು. ಎಲ್ಲ ಕಾರ್ಖಾನೇದು, ಬಿಲ್ ಇದೆ. ನಾನು ಕೈಯಲ್ಲಿ ಉಳಿ ಹಿಡಿದು ಹದಿನೈದು ವರ್ಷ ಆಯ್ತು ಮೇಡಂ. ಮರ ಕದ್ದು ಏನು ಮಾಡಲಿ, ಹಲ್ಲು ಚುಚ್ಚಿಕೊಳ್ಳೋ ಕಡ್ಡೀನಾ?"

ಮಧ್ಯಾಹ್ನವೇ ದಫೇದಾರರು ಅಂಗಡಿಯ ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡಿ ಬಂದರು. ಎಪ್ಪತ್ತಕ್ಕೆ ಎಪ್ಪತ್ತು.

"ಹಾಗಾದ್ರೆ ಬೇಲಿಯೇ ಎದ್ದು ಹೊಲ ಮೇಯ್ದಿದೆ," ಎಂದು ಅವರು ಟೋಪಿ ಹಾಕಿಕೊಂಡರು. "ಎರಡೂ ಕೀಲಿ ಅತ್ತೆ ಕೈಲಿ, ಎಂಟು ವರ್ಷ. ನಡೀರಿ, ಕರ್ಕೊಂಡು ಬರೋಣ."

"ಏನು ಕದ್ದಿದ್ದಕ್ಕೆ? ತೊಂಬತ್ತಾರಕ್ಕೆ ತೊಂಬತ್ತಾರು ಇವೆ, ತೂಕವೂ ಇದೆ. ಒಂದು ಹುಡುಗಿ ಕಿವೀಲಿ ಟಪ್ ಅಂತು ಅಂತ ಕೋರ್ಟಲ್ಲಿ ಹೇಳ್ತೀರಾ?"

"ಮತ್ತೆ?"

"ಕಾಯೋಣ. ಐದು ದಿನ."

ಆ ಐದು ದಿನ ಇನ್ಸ್‌ಪೆಕ್ಟರ್ ಯಾವ ಕಡತವನ್ನೂ ನೆಟ್ಟಗೆ ಓದಲಿಲ್ಲ. ಮನೆಯಲ್ಲಿ ಒಗೆದ ಬಟ್ಟೆ ಒಣಹಾಕುವಾಗ ಒದ್ದೆ ಅಂಗಿಯೊಂದನ್ನು ಕೈಯಲ್ಲಿ ಹಿಡಿದು ಭಾರ ನೋಡುತ್ತ ನಿಂತುಬಿಟ್ಟರು. ಗಂಡ, "ಅದಕ್ಕೂ ಪಂಚನಾಮೆನಾ?" ಎಂದು ಕೇಳಿದ ಮೇಲೆ ಎಚ್ಚರ.

ಸೋಮವಾರ, ಇಪ್ಪತ್ತು, ಬೆಳಿಗ್ಗೆ ಹತ್ತು. ಮುದ್ರೆ ಸರಿಯಾಗಿತ್ತು. ಪಂಚರು ಹೋದ ಸಲದವರೇ ಇಬ್ಬರು, ಸೈಕಲ್ ರಿಪೇರಿಯವರು ಮತ್ತು ಲಾಂಡ್ರಿಯ ಹೆಂಗಸು. ಸೊಸೆ ಬಾಗಿಲ ಬಳಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದಳು. ಅತ್ತೆಗೂ ಹೇಳಿ ಕಳಿಸಿದ್ದರು. ಕೆಲಸವಿದೆ, ನೀವೇ ನೋಡಿಕೊಳ್ಳಿ ಎಂದಿದ್ದಳು.

"ಒಂದು. ಹೋದ ವಾರ ಸಾವಿರದ ಎಂಟುನೂರ ಹನ್ನೆರಡು," ದಫೇದಾರರು ಓದಿದರು.

"ಸಾವಿರದ ಎಂಟುನೂರ ಹನ್ನೆರಡು," ಎಂದಳು ಎಕ್ಸ್‌ಪ್ರೆಸ್.

ಎರಡು, ಅಷ್ಟೇ. ಮೂರು, ಒಂದು ಗ್ರಾಂ ಹೆಚ್ಚು. ನಾಲ್ಕು, ಐದು, ಆರು. ಏನೂ ಇಲ್ಲ. ಲಾಂಡ್ರಿಯ ಹೆಂಗಸು ಆಕಳಿಸಿದಳು. ಹತ್ತು. ಹದಿನೈದು. ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿ ನಿಂತರು.

"ಹದಿನೇಳು. ಸಾವಿರದ ಏಳುನೂರ ನಲವತ್ತು."

ತಕ್ಕಡಿಯ ಕಡೆಯಿಂದ ಸದ್ದಿಲ್ಲ. ಎಕ್ಸ್‌ಪ್ರೆಸ್ ಜೀವಮಾನದಲ್ಲಿ ಮೊದಲ ಸಲ ಮಾತು ನಿಲ್ಲಿಸಿದ್ದಳು.

"ಹೇಳಮ್ಮ!"

"ಸಾವಿರದ... ಏಳುನೂರ ಒಂದು."

"ಮತ್ತೆ ಇಡು!"

"ಮೂರು ಸಲ ಇಟ್ಟೆ ಸಾರ್. ಒಂದು! ಮೂವತ್ತೊಂಬತ್ತು ಗ್ರಾಂ ಹೋಗಿದೆ!"

ಅಲ್ಲಿಂದ ಆಚೆಗೆ ಯಾರೂ ಆಕಳಿಸಲಿಲ್ಲ. ಇಪ್ಪತ್ತೆರಡು, ನಲವತ್ತೆರಡು ಗ್ರಾಂ ಕಡಿಮೆ. ಮೂವತ್ತು, ಮೂವತ್ತಾರು ಕಡಿಮೆ. ನಲವತ್ತೊಂದರ ಸರದಿ ಬಂದಾಗ ಸೊಸೆ ಕಣ್ಣು ಮುಚ್ಚಿದಳು. "ಐವತ್ತು!" ಎಂದು ಎಕ್ಸ್‌ಪ್ರೆಸ್ ಲಾಟರಿ ನಂಬರು ಕೂಗಿದಂತೆ ಕೂಗಿದಳು. ಸೈಕಲ್ ರಿಪೇರಿಯವರು ತಾವೇ ಮುಂದೆ ಬಂದು ತುಂಡುಗಳನ್ನು ಎತ್ತಿ ಕೊಡತೊಡಗಿದರು. ಪಂಚರು ಮುಟ್ಟಬಾರದು ಎಂದು ಅವರನ್ನು ಎರಡು ಸಲ ಹಿಂದೆ ಕಳಿಸಬೇಕಾಯಿತು.

ಒಂದೂವರೆಗೆ ಮುಗಿಯಿತು. ಎಪ್ಪತ್ತೆರಡು ತುಂಡು ಅಲುಗಿರಲಿಲ್ಲ. ಇಪ್ಪತ್ತನಾಲ್ಕು ಇಳಿದಿದ್ದವು. ಮೂವತ್ತು ವರ್ಷದ ಅಂಕಿಗಳನ್ನು ಹೊತ್ತ ಇಪ್ಪತ್ತನಾಲ್ಕು ಹಸಿ ಮರ.

"ಎಷ್ಟು ಜೋಪಾನವಾಗಿ ಮಾಡಿದಾರೆ ನೋಡಿ," ಎಂದರು ಇನ್ಸ್‌ಪೆಕ್ಟರ್. "ಪ್ರತಿ ತುಂಡನ್ನೂ ಹೆರೆದು ಹೆರೆದು ಹಳೇ ತೂಕಕ್ಕೇ ತಂದಿದಾರೆ. ಬೇರೆ ಕಳ್ಳ ಆಗಿದ್ರೆ ಸುಮಾರಾಗಿ ಬಿಡ್ತಿದ್ದ. ಇವರಿಗೆ ಸುಮಾರು ಅನ್ನೋದು ಆಗಿಬರಲ್ಲ."

ಸೊಸೆ ಕೇಳಿದ್ದು ಒಂದೇ. "ಎಪ್ಪತ್ತೆರಡು ಅಪ್ಪಂದೇನಾ?"

"ಅಪ್ಪಂದೇ."

ಅವಳು ನೆಲದ ಮೇಲೆ ಕುಳಿತಳು. ಒಂದು ಪಿಟೀಲಿಗೆ ಎರಡು ತುಂಡು, ಎದೆಗೊಂದು ಬೆನ್ನಿಗೊಂದು. ನಾಲ್ಕಕ್ಕೆ ಎಂಟು. ಬೆರಳಲ್ಲಿ ಎಣಿಸಿ, ನಕ್ಕು, ಆಮೇಲೆ ಮುಖ ಮುಚ್ಚಿಕೊಂಡಳು.

ಹಸಿ ಮರ ಎಲ್ಲಿಂದ ಬಂತು? ಸೊಸೆ ಪತ್ರ ಬರೆದದ್ದು ಎರಡು ತಿಂಗಳ ಹಿಂದೆ. ಅಲ್ಲಿಯವರೆಗೆ ಖಾಲಿ ಜಾಗ ಖಾಲಿಯೇ ಇದ್ದಿರಬೇಕು. ಪತ್ರ ಬಂದ ಮೇಲೆ ತುಂಬಿಸುವ ಅವಸರ. ಸೋಮವಾರ ಮಧ್ಯಾಹ್ನದಿಂದ ಎಕ್ಸ್‌ಪ್ರೆಸ್ ಊರಿನ ಮರದ ಅಡ್ಡೆಗಳನ್ನೆಲ್ಲ ಸುತ್ತಿದಳು. ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಒಂಬತ್ತನೇ ಅಡ್ಡೆಯಿಂದ ಫೋನು.

"ಮೇಡಂ ಸಿಕ್ತು ಸಿಕ್ತು, ಏಳು ವಾರದ ಹಿಂದೆ ಒಬ್ಬ ಹೆಂಗಸು ಬಂದಿದ್ರಂತೆ, ನಾಲ್ಕು ಗಂಟೆ ಒಂದೊಂದೇ ಮರ ತಟ್ಟಿ ತಟ್ಟಿ ಕಿವಿ ಇಟ್ಟು ಕೇಳಿ ಇಪ್ಪತ್ತನಾಲ್ಕು ಆರಿಸಿದ್ರಂತೆ, ಇವರಿಗೆ ಹುಚ್ಚು ಹಿಡಿಯೋದೊಂದು ಬಾಕಿ..."

"ಹೆಸರು, ಗುರುತು?"

"ಗುರುತು ಅವರ ಬಾಯಲ್ಲೇ ಇದೆ ಮೇಡಂ!"

ಅಡ್ಡೆಯ ಮಾಲೀಕರು ತಾವೇ ಫೋನು ಕಿತ್ತುಕೊಂಡರು. "ನಂದು ಕಟ್ಟುಹಲ್ಲು ಮೇಡಂ. ಮಾತಾಡುವಾಗ ಟಕಟಕ ಅಂತಿತ್ತು. ಆಯಮ್ಮ ದುಡ್ಡು ಕೊಡ್ತಾ ಕೊಡ್ತಾ ನನ್ನ ಬಾಯನ್ನೇ ನೋಡಿ, 'ಮೇಲಿನ ಸೆಟ್ಟು ಅರ್ಧ ಮಿಲಿಮೀಟರ್ ಎತ್ತರ ಇದೆ, ತೆಗೀರಿ' ಅಂದ್ರು. ತೆಗೆದು ಕೊಟ್ಟೆ. ಚೀಲದಿಂದ ಸಣ್ಣ ಅರ ತೆಗೆದು ಎರಡು ಸಲ ಉಜ್ಜಿದ್ರು. ಈಗ ಕೇಳಿ, ಸದ್ದಿದೆಯಾ? ಹನ್ನೊಂದು ವರ್ಷದ ಸಂಕಟ! ಆಯಮ್ಮನಿಗೆ ಏನೂ ಮಾಡಬೇಡಿ."

ಮಂಗಳವಾರ, ಇಪ್ಪತ್ತೊಂದು, ಸಂಜೆ ನಾಲ್ಕು ಹತ್ತು. ಲ್ಯಾಬಿನ ಗೋಡೆಯುದ್ದಕ್ಕೂ ಸುಣ್ಣದಚ್ಚಿನ ದವಡೆಗಳು ಸಾಲಾಗಿ ಹಲ್ಲು ಕಿರಿಯುತ್ತಿದ್ದವು. ಅತ್ತೆ ಕಿಟಕಿಯ ಬಳಿ ದೀಪದ ಕೆಳಗೆ ಕೂತಿದ್ದಳು. ಸಮವಸ್ತ್ರಗಳನ್ನು ನೋಡಿ ಕನ್ನಡಕ ಮೇಲೆ ಮಾಡಿದಳು.

"ಇದೊಂದು ಹಲ್ಲು ಮುಗಿಸಿ ಬರ್ತೀನಿ ಮೇಡಂ. ಅವರು ನಾಳೆ ಮಗಳ ಮನೆಗೆ ಹೋಗಬೇಕಂತೆ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. "ಮುಗಿಸಿ."

ಅವಳು ಮುಗಿಸುವವರೆಗೆ ಲ್ಯಾಬಿನ ಮಾಲೀಕರನ್ನು ಕೇಳಿದರು. ಹೌದು, ಹಿಂದಿನ ಕೋಣೆಯ ಕೀಲಿ ಅವರಿಗೆ ಕೊಟ್ಟಿದ್ದೇನೆ. ಭಾನುವಾರಗಳಂದು ಬರುತ್ತಾರೆ, ಏಳೆಂಟು ವರ್ಷದಿಂದ. ಏನೋ ಮರಗೆಲಸದ ಹವ್ಯಾಸ. ಮನೆಯಲ್ಲಿ ಜಾಗವಿಲ್ಲವಂತೆ.

ನಾಲ್ಕು ನಲವತ್ತಕ್ಕೆ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಹಾಸುಬಂಡೆಯ ನೆಲ, ಒಂದು ಮೇಜು, ಅಂಟಿನ ಪಾತ್ರೆ. ಹಲ್ಲಿನ ಅರಗಳ ಪಕ್ಕದಲ್ಲೇ ಅವೇ ಅಳತೆಯ ಮರದ ಅರಗಳು. ತಂತಿಯಿಂದ ನೇತುಹಾಕಿದ ನಾಲ್ಕು ಪಿಟೀಲು, ಜೇನಿನ ಬಣ್ಣ. ಐದನೆಯದು ಮೇಜಿನ ಮೇಲೆ, ಬಣ್ಣ ಕಾಣದೆ, ಬೆತ್ತಲೆ ಬಿಳಿ.

"ದೇವರೇ," ಎಂದಳು ಎಕ್ಸ್‌ಪ್ರೆಸ್. ಅಷ್ಟೇ ಹೇಳಿದಳು.

ಕಪಾಟಿನಲ್ಲಿ ದವಡೆಯ ಅಚ್ಚು ಇಡುವ ಪುಟ್ಟ ರಟ್ಟಿನ ಡಬ್ಬಿಗಳು, ಇಪ್ಪತ್ತನಾಲ್ಕು. ದಫೇದಾರರು ಒಂದನ್ನು ತೆರೆದರು. ಒಳಗೆ ಬಿಸ್ಕತ್ತಿನಷ್ಟು ತೆಳುವಾಗಿ ಕೊಯ್ದ ಮರದ ತುದಿ. ಅದರ ಮೇಲೆ ಪೆನ್ಸಿಲಿನ ಅಂಕಿಗಳ ಸಾಲು, ಮೊದಲ ಹನ್ನೊಂದು ಸಾಲು ಅಣ್ಣನ ಕೈ, ಉಳಿದವು ತಂಗಿಯವು. ಮುಚ್ಚಳದ ಒಳಗೆ ಒಂದು ಚೀಟಿ: 'ಹದಿನೇಳು. ಎದೆ ಸೀಳಿತು. ಸುಟ್ಟೆ.' ಇನ್ನೊಂದರಲ್ಲಿ: 'ಐವತ್ತಮೂರು. ಎಂಟನೇ ಪಿಟೀಲಿನ ಬೆನ್ನು. ಚೆನ್ನಾಗಿದೆ.'

"ಇವನ್ನ ಯಾಕೆ ಇಟ್ಕೊಂಡ್ರಿ?" ಇನ್ಸ್‌ಪೆಕ್ಟರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಇವು ಇಲ್ದಿದ್ರೆ ಪಿಟೀಲಿನ ಮರ ಯಾವುದು ಅಂತ ಸಾಬೀತು ಮಾಡೋಕೆ ನಮಗೆ ವರ್ಷ ಹಿಡೀತಿತ್ತು."

"ಟ್ರಸ್ಟಿ ಅಲ್ವಾ ನಾನು?" ಎಂದಳು ಅತ್ತೆ. "ಏನು ಹೋಯ್ತು, ಎಲ್ಲಿಗೆ ಹೋಯ್ತು ಅಂತ ಒಪ್ಪಿಸಬೇಕಲ್ಲ, ಯಾವತ್ತಾದ್ರೂ."

ಹನ್ನೆರಡು ಪಿಟೀಲು, ಎಂಟು ವರ್ಷದ ಭಾನುವಾರಗಳು. ಮೊದಲ ಏಳು ಕೆಟ್ಟವು, ಸುಟ್ಟಳು. ನಾಲ್ಕು ನಿಂತವು. ಒಂದು ಅರ್ಧ.

"ಮಾರಿದ್ರಾ?"

"ಇಲ್ಲ."

"ಯಾರಿಗಾದ್ರೂ ತೋರಿಸಿದ್ರಾ?"

"ಯಾರಿಗೆ?"

ಗುರುತು ಹಿಡಿಯಲು ಸೊಸೆಯನ್ನು ಕರೆಸಿದ್ದರು. ಅವಳು ಬಂದವಳೇ ಅತ್ತೆಯ ಎದುರು ನಿಂತಳು. ಬಯ್ಯಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಮುಖದಲ್ಲಿ ಕಾಣುತ್ತಿದ್ದವು. ಆಗ ಪಿಟೀಲು ಕಣ್ಣಿಗೆ ಬಿತ್ತು. ಕೇಳದೆಯೇ ಒಂದನ್ನು ಇಳಿಸಿ, ಬೆನ್ನು ತಿರುಗಿಸಿ ನೋಡಿ, ಗೆಣ್ಣಿನಿಂದ ತಟ್ಟಿದಳು.

ಟಣ್.

ದಫೇದಾರರೂ ತಲೆ ಎತ್ತಿದರು.

ಮೇಜಿನ ಮೇಲಿದ್ದ ಕಮಾನು ತೆಗೆದು ಅವಳು ಒಂದೇ ಉದ್ದ ಸ್ವರ ಎಳೆದಳು. ಗೋಡೆಯ ಆಚೆ ಕೆಲಸ ಮಾಡುತ್ತಿದ್ದವರ ಕೈ ನಿಂತಿತು. ಸ್ವರ ಕೋಣೆಯನ್ನು ತುಂಬಿ, ಸುಣ್ಣದ ದವಡೆಗಳ ಮೇಲೆ ಹಾದು, ಕಿಟಕಿಯಿಂದ ಬೀದಿಗೆ ಇಳಿಯಿತು. ಸೊಸೆ ಕಮಾನು ಕೆಳಗಿಟ್ಟಳು.

"ಯಾರು ಕಲಿಸಿದ್ರು ನಿಮಗೆ?"

"ನಿಮ್ಮಪ್ಪನ ಕೋಣೇಲಿ ಹದಿನಾರು ವರ್ಷ ಹೊಟ್ಟು ಗುಡಿಸಿದೀನಿ ಪುಟ್ಟಿ. ಗುಡಿಸುವಾಗ ಕಣ್ಣು ಮುಚ್ಕೊಂಡಿರಲಿಲ್ಲ."

"ಕೇಳಬಹುದಿತ್ತಲ್ಲ ನನ್ನನ್ನ!"

"ಕೊಡೋ ಹಕ್ಕು ನಿನಗೂ ಇರಲಿಲ್ಲ, ತಗೊಳ್ಳೋ ಹಕ್ಕು ನನಗೂ ಇರಲಿಲ್ಲ. ಮೂವತ್ತು ತುಂಬೋವರೆಗೆ ಅದು ಯಾರದ್ದೂ ಅಲ್ಲ. ಅಣ್ಣ ಹಾಗೇ ಬರೆದಿದ್ದ." ಕಮಾನನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿ, "ಮರಕ್ಕೆ ಮರ ಇಟ್ಟಿದೀನಿ. ಒಳ್ಳೇದೇ ಆರಿಸಿದೀನಿ. ತಟ್ಟಿ ನೋಡಿ ತಂದಿದ್ದು," ಎಂದಳು.

"ಮೂವತ್ತು ವರ್ಷ ಎಲ್ಲಿಂದ ತಂದು ಇಡ್ತೀರಿ?" ಎಂದರು ಇನ್ಸ್‌ಪೆಕ್ಟರ್.

ಅತ್ತೆ ಅಂಟಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಸಂಜೆ ಆರು ಐದಕ್ಕೆ ಬಂಧನ. ಠಾಣೆಯಲ್ಲಿ ದಫೇದಾರರು ನಮೂನೆ ತುಂಬುತ್ತಿದ್ದರು. ವಯಸ್ಸು, ವಿಳಾಸ.

"ಕಸುಬು?"

"ಕಟ್ಟುಹಲ್ಲು ಮಾಡೋದು."

ಹೇಳಿಕೆಗೆ ಸಹಿ ಹಾಕಲು ಕೂತಿದ್ದ ಸೊಸೆ ಪೆನ್ನು ನಿಲ್ಲಿಸಿದಳು. ಅತ್ತೆಯ ಕಡೆ ನೋಡದೆ, ಕಾಗದಕ್ಕೇ ಹೇಳಿದಂತೆ ಹೇಳಿದಳು. "ಸುಳ್ಳು ಬರೀಬೇಡಿ ಸಾರ್. ಪಿಟೀಲು ಮಾಡೋದು ಅಂತ ಬರೀರಿ." ಆಮೇಲೆ ಗಟ್ಟಿಯಾಗಿ, "ದೂರು ವಾಪಸ್ ತಗೊಳ್ಳಲ್ಲ. ಅದೂ ಬರ್ಕೊಳ್ಳಿ."

ದಫೇದಾರರು ಇನ್ಸ್‌ಪೆಕ್ಟರ್ ಮುಖ ನೋಡಿದರು. ಅವರು ತಲೆಯಾಡಿಸಿದರು. ಅತ್ತೆ ತಲೆ ಬಗ್ಗಿಸಿ ಕನ್ನಡಕದ ಗಾಜು ಒರೆಸಿದಳು, ಬಹಳ ಹೊತ್ತು ಒರೆಸಿದಳು.

ದಿನಚರಿಯಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ಚಿಕ್ಕದು. ಎರಡನೇ ಟ್ರಸ್ಟಿಯ ಕರ್ತವ್ಯಲೋಪದ ಬಗ್ಗೆ ಪ್ರತ್ಯೇಕ ವರದಿ. ಪಿಟೀಲುಗಳು ಟ್ರಸ್ಟಿನ ಆಸ್ತಿಯಿಂದ ಆದವು. ಯಾರಿಗೆ ಸೇರಬೇಕೆಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು. ಕಾರಣ ಎಂಬ ಸಾಲಿನಲ್ಲಿ ಆರೋಪಿಯ ಮಾತನ್ನೇ ಇಳಿಸಿದರು: 'ಅಣ್ಣ ಶಿಷ್ಯನಿಗೆ ಉಳಿ ಕೊಟ್ಟ, ಮಗಳಿಗೆ ಮರ ಕೊಟ್ಟ, ನನಗೆ ಬೀಗದ ಕೈ ಕೊಟ್ಟ. ಮೊದಲು ಕೊಂಡು ತಂದ ಮರದಲ್ಲಿ ಎರಡು ಮಾಡಿದೆ, ಡಬ್ಬದ ಹಾಗೆ ಕೂಗಿದವು. ಯಾವ ಮರ ಯಾವ ತಿಂಗಳು ಮಾಗಿತೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮಾಗಿದ್ದನ್ನು ಬರೀ ತೂಗುತ್ತ ಕೂರುವುದು ಒಂದು ದಿನ ಆಗಲಿಲ್ಲ.'

ಒಳಗೆ ಕರೆದೊಯ್ಯುವ ಮೊದಲು ಅತ್ತೆ ಬಾಗಿಲಲ್ಲಿ ನಿಂತಳು. ಸೊಸೆ ಹೊದಿಕೆ ಮಡಿಸುತ್ತಿದ್ದಳು.

"ಪುಟ್ಟಿ, ಇಪ್ಪತ್ತೈದನೇ ತಾರೀಖು ಮರ ತಿರುಗಿಸೋ ದಿನ. ಮೇಲಿನ ಕಪಾಟಿಂದ ಶುರು ಮಾಡು. ಹೊಸ ಇಪ್ಪತ್ತನಾಲ್ಕನ್ನ ಎಸೀಬೇಡ, ಕಿಟಕಿ ಕಡೆ ಇಡು. ಅವಕ್ಕೂ ಮಗ್ಗುಲು ಬದಲಿಸು."

"ಅವು ಮಾಗೋ ಹೊತ್ತಿಗೆ ನನಗೆ ಅರವತ್ತು," ಎಂದಳು ಸೊಸೆ, ಸಿಟ್ಟಿನಿಂದ.

"ಅದಕ್ಕೇ ಹೇಳ್ತಿದೀನಿ. ಬರ್ಕೊ."

ಸೊಸೆ ಮಡಿಸಿದ ಹೊದಿಕೆಯನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ದಫೇದಾರರ ಮೇಜಿನಿಂದ ಪೆನ್ಸಿಲು ಎತ್ತಿಕೊಂಡು ಬರೆದುಕೊಂಡಳು.